ಮದ್ದು ಹಾಕುವ ಮೊದಲು ಕುಂಡ ಮಗುಚಿ ನೋಡ್ರಿ

ನಾವು ಚಿಂತಾಕಿ ಕಡೆಯ ಒಣಬೇಸಾಯದವರು. ತೊಗರಿ, ಜೋಳ, ಉದ್ದು, ಹೆಸರು, ಸೋಯಾ, ಕಡಲೆ ನಮ್ಮ ಬೆಳೆ. ಕುಂಡದ ಗಿಡದ ಮಾತು ಪಟ್ಟಣದವರಿಗೆ ಸರಿ, ನಮಗ್ಯಾಕೆ ಅಂತ ಕೆಲವರು ಕೇಳಬಹುದು. ನಿಮ್ಮ ಅಂಗಳದಾಗ ಒಮ್ಮೆ ಕಣ್ಣಾಡಿಸ್ರಿ. ತುಳಸಿ ಇರುತ್ತದೆ, ಕರಿಬೇವು ಇರುತ್ತದೆ, ಒಡೆದ ಕೊಡದಾಗ ಪುದೀನ, ಎಣ್ಣೆ ಡಬ್ಬಿಯಾಗ ನಾಲ್ಕು ಮೆಣಸಿನ ಗಿಡ ಇರುತ್ತವೆ. ಬದುವಿಗೆ ಹಚ್ಚಲು ಮಾವು, ಸೀತಾಫಲ, ನುಗ್ಗೆ, ಹುಣಸೆ ಸಸಿಗಳನ್ನು ಪಾಲಿಥಿನ್ ಚೀಲದಾಗ ಬೆಳೆಸುತ್ತೇವೆ, ಇಲ್ಲವೇ ನರ್ಸರಿಯಿಂದ ತರುತ್ತೇವೆ. ಇವೆಲ್ಲವೂ ಕುಂಡದ ಗಿಡಗಳೇ.

ಬೀಜ ಬಿತ್ತುವಾಗ ನಾವು ಆರಿಸಿ ಬಿತ್ತುತ್ತೇವೆ. ಆದರೆ ಚೀಲದ ಸಸಿ ಹಚ್ಚುವಾಗ ಅದರ ಜೊತೆ ಒಂದು ಬೊಗಸೆ ಪರಊರ ಮಣ್ಣನ್ನೂ ಹೊಲಕ್ಕೆ ಹಾಕುತ್ತೇವೆ. ಆ ಮಣ್ಣಿನಾಗ ಏನಿದೆ ಅಂತ ಯಾರೂ ನೋಡುವುದಿಲ್ಲ. ಕುಂಡದಾಗ ಇದ್ದಾಗ ಹುಳವನ್ನು ಕೈಯಿಂದ ಆರಿಸಬಹುದು, ಮಣ್ಣನ್ನೇ ಬದಲಿಸಬಹುದು. ಅದೇ ಹುಳ ಹೊಲ ಸೇರಿದರೆ ಎಕರೆ ಮಣ್ಣನ್ನು ಯಾರು ಬದಲಿಸುತ್ತಾರೆ? ಅದಕ್ಕೆ ಈ ಬರಹ.

ಅನುಮಾನ ಯಾವಾಗ ಬರಬೇಕು

ಎಲೆಯ ಮೇಲಿನ ಹುಳ ಕಣ್ಣಿಗೆ ಕಾಣುತ್ತದೆ. ಮಣ್ಣಿನೊಳಗಿನದು ಕಾಣುವುದಿಲ್ಲ. ಗಿಡದ ಮಾರಿ ನೋಡಿಯೇ ತಿಳಿದುಕೊಳ್ಳಬೇಕು. ಈ ಗುರುತುಗಳನ್ನು ಗಮನಿಸ್ರಿ:

- ಮಣ್ಣು ಹಸಿ ಇದ್ದರೂ ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಚೇತರಿಸುತ್ತದೆ.
- ಗೊಬ್ಬರ ಕೊಟ್ಟರೂ ಏಳಿಗೆ ಇಲ್ಲ, ಕೆಳಗಿನ ಎಲೆ ಹಳದಿ.
- ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಗಿಡ ಸಡಿಲ ಇದೆ.
- ಕುಂಡದ ತೂತಿನಿಂದ ಇರುವೆ ಸಾಲು ಹೋಗಿ ಬರುತ್ತದೆ.
- ನೀರು ಹಾಕಿದ ಕೂಡಲೇ ಗುಂಗಾಡಿನಂಥ ಸಣ್ಣ ಕರಿ ನೊಣ ಏಳುತ್ತವೆ.

ಬಾಡಿದ ಗಿಡಕ್ಕೆಲ್ಲ ಹುಳವೇ ಕಾರಣ ಅಂತ ತಿಳಿಯಬೇಡ್ರಿ. ನಮ್ಮ ಔರಾದ ತಾಲ್ಲೂಕಿನಾಗ ಕಪ್ಪು ಮಣ್ಣೇ ಹೆಚ್ಚು. ಬರೀ ಕಪ್ಪು ಮಣ್ಣು ತುಂಬಿದ ಕುಂಡದಾಗ ನೀರು ಬಸಿಯುವುದಿಲ್ಲ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅಂಥ ಬೇರು ಕಂದು ಬಣ್ಣಕ್ಕೆ ತಿರುಗಿ ವಾಸನೆ ಹೊಡೆಯುತ್ತದೆ, ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಉಳಿಯುತ್ತದೆ. ಇದಕ್ಕೆ ಹುಳದ ಮದ್ದು ಹಾಕಿ ಉಪಯೋಗವಿಲ್ಲ. ಹುಳವೋ ಕೊಳೆಯೋ ಅನ್ನುವುದು ತಿಳಿಯಬೇಕಾದರೆ ಬೇರು ನೋಡಲೇಬೇಕು.

ಮಗುಚುವ ಕ್ರಮ

ಹಿಂದಿನ ದಿನ ಸ್ವಲ್ಪ ನೀರು ಕೊಡಬೇಕು. ಒಣಗಿದ್ದರೆ ಮಣ್ಣು ಉದುರುತ್ತದೆ, ಬಹಳ ಹಸಿ ಇದ್ದರೆ ಕೆಸರಾಗುತ್ತದೆ. ಬಿಸಿಲು ಇಳಿದ ಮೇಲೆ ಖಾಲಿ ಗೊಬ್ಬರದ ಚೀಲ ಹಾಸಿಕೊಂಡು ಕೂಡ್ರಿ. ಕಾಂಡ ಎರಡು ಬೆರಳ ಸಂದಿಯಾಗ ಬರುವಂತೆ ಅಂಗೈಯನ್ನು ಮಣ್ಣಿನ ಮೇಲೆ ಇಟ್ಟು, ಕುಂಡ ತಲೆಕೆಳಗು ಮಾಡಿ, ಅಂಚನ್ನು ಕಟ್ಟೆಗೆ ಮೆಲ್ಲಗೆ ಬಡಿಯಬೇಕು. ಮಣ್ಣಿನ ಮುದ್ದೆ ಇಡಿಯಾಗಿ ಕೈಗೆ ಬರುತ್ತದೆ.

ಮೊದಲು ಮುದ್ದೆಯ ಹೊರಮೈ ನೋಡ್ರಿ, ಆಮೇಲೆ ತಳ. ನಂತರ ಒಂದು ಮೂಲೆಯ ಮಣ್ಣು ಬಿಡಿಸಿ, ಅಲ್ಲಿನ ಬೇರನ್ನು ಬಕೆಟ್ ನೀರಿನಾಗ ಅದ್ದಿ ತೊಳೆಯಿರಿ. ಒಳ್ಳೆಯ ಬೇರು ಬೆಳ್ಳಗೆ, ತುದಿ ಎಳೆಯದಾಗಿ ಇರುತ್ತದೆ. ನೋಡಿ ಮುಗಿದ ಮೇಲೆ ಹಾಗೇ ವಾಪಸ್ ಇಟ್ಟು ನೀರು ಕೊಟ್ಟು ಎರಡು ದಿನ ನೆರಳಿಗೆ ಇಟ್ಟರೆ ಗಿಡಕ್ಕೆ ತೊಂದರೆ ಆಗುವುದಿಲ್ಲ.

ನೂರು ಚೀಲದ ಸಸಿ ಇದ್ದರೆ ಎಲ್ಲ ಬಿಚ್ಚುವುದು ಬೇಡ. ಸೊರಗಿದ್ದನ್ನೇ ಆರಿಸಿ ನಾಲ್ಕೈದು ಚೀಲ ಸೀಳಿ ನೋಡಿದರೆ ಸಾಕು. ಎತ್ತಲಾಗದ ದೊಡ್ಡ ಕುಂಡವಾದರೆ ಅಂಚಿನ ಕಡೆ ಎರಡು ಮೂರು ಜಾಗದಾಗ ಖುರಪಿಯಿಂದ ಗೇಣುದ್ದ ಅಗೆದು ನೋಡ್ರಿ.

ಬೇರು ತಿನ್ನುವ ಗೊಣ್ಣೆ ಹುಳ

ಬಿಳಿ ಮೈ, ಕಂದು ತಲೆ, ಎದೆಯ ಹತ್ತಿರ ಮೂರು ಜೊತೆ ಕಾಲು. ಮುಟ್ಟಿದರೆ ಕೊಕ್ಕೆಯ ಹಾಗೆ ಬಾಗಿ ಮಲಗುತ್ತದೆ. ಹೊಟ್ಟೆಯ ತುದಿ ಮಣ್ಣು ತುಂಬಿ ಕಪ್ಪಾಗಿ ಕಾಣುತ್ತದೆ. ಸಣ್ಣ ಬೇರೆಲ್ಲ ಕತ್ತರಿಸಿ ಹೋಗಿ ಗಿಡ ಕೈಗೆ ಸಲೀಸಾಗಿ ಕಿತ್ತು ಬಂದರೆ ಇದೇ ಹುಳ.

ಇದರ ವರ್ಷದ ಲೆಕ್ಕ ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ರೋಹಿಣಿ, ಮಿರಗದ ಮೊದಲ ಒಳ್ಳೆ ಮಳೆ ಬಿದ್ದ ಸಂಜೆ ಕಂದು ದುಂಬಿಗಳು ಮಣ್ಣಿನಿಂದ ಎದ್ದು ಬೇವು, ಬಾರಿ, ಜಾಲಿ ಗಿಡಗಳಿಗೆ ಹೋಗಿ ಎಲೆ ತಿನ್ನುತ್ತವೆ. ಬೆಳಗಾಗುವ ಮೊದಲು ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಸುಮಾರು 8–10 ದಿನಕ್ಕೆ ಮರಿ ಹೊರಗೆ ಬರುತ್ತದೆ. ಮರಿ ಮೊದಲು ಮಣ್ಣಿನಾಗಿನ ಕೊಳೆತ ಗೊಬ್ಬರ ತಿನ್ನುತ್ತದೆ, ಬಲಿತ ಮೇಲೆ ಬೇರಿಗೆ ಬಾಯಿ ಹಾಕುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಹಾನಿ ಹೆಚ್ಚು. ಆಮೇಲೆ ಕೋಶವಾಗಿ, ದುಂಬಿಯಾಗಿ, ಮುಂದಿನ ಮಳೆವರೆಗೆ ಮಣ್ಣಿನಾಗೇ ಮಲಗುತ್ತದೆ.

ಹೊಲದಾಗ ಹುಳ ಬೇರುಗಳ ನಡುವೆ ಓಡಾಡಿಕೊಂಡು ತಿನ್ನುತ್ತದೆ. ಕುಂಡದಾಗ ಇರುವುದು ಒಂದೇ ಗಿಡ, ಹೋಗಲು ಬೇರೆ ದಾರಿ ಇಲ್ಲ. ಹಾಗಾಗಿ ಸಣ್ಣ ಚೀಲಕ್ಕೆ ಒಂದೆರಡು ಹುಳವೇ ಸಾಕು, ಸಸಿ ಹೋಯಿತೆಂದೇ ತಿಳಿಯಿರಿ.

ಪರಿಹಾರ ಕೈಯೇ. ಮಗುಚಿ, ಹುಳ ಆರಿಸಿ ಕೋಳಿಗೆ ಹಾಕ್ರಿ. ಜೂನ್ ತಿಂಗಳಾಗ ಸಸಿ ಚೀಲಗಳನ್ನು ಬೇವಿನ ಗಿಡದ ಕೆಳಗೆ, ರಾತ್ರಿ ದೀಪ ಉರಿಯುವ ಕಡೆ ಇಡಬೇಡ್ರಿ. ಮಳೆ ಬಿದ್ದ ಮೊದಲ ಹದಿನೈದು ದಿನ ಸಂಜೆ ಹಳೇ ಸೊಳ್ಳೆ ಪರದೆ ಮುಚ್ಚಿದರೆ ದುಂಬಿ ಒಳಗೆ ಇಳಿಯುವುದಿಲ್ಲ. ಬೇವಿನ ಕೊಂಬೆ ಅಲ್ಲಾಡಿಸಿ ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಹಾಕಿದ ನೀರಿಗೆ ಎಸೆಯುವ ಕೆಲಸವನ್ನು ಓಣಿಯವರೆಲ್ಲ ಕೂಡಿ ಮಾಡಿದರೆ ಹೊಲಕ್ಕೂ ಲಾಭ.

ಎಲ್ಲ ಬಿಳಿ ಹುಳವೂ ವೈರಿ ಅಲ್ಲ

ತಿಪ್ಪೆಗೊಬ್ಬರ ಅಗೆದಾಗ ಇದೇ ಆಕಾರದ ಹುಳ ಬುಟ್ಟಿಗಟ್ಟಲೆ ಸಿಗುತ್ತವೆ. ಜನ ಹೆದರಿ ತಿಪ್ಪೆಗೇ ವಿಷದ ಪುಡಿ ಹಾಕುತ್ತಾರೆ. ಇವುಗಳಾಗ ಹೆಚ್ಚಿನವು ಗೊಬ್ಬರ ತಿನ್ನುವ ದುಂಬಿಗಳ ಮರಿ. ಹೆಬ್ಬೆರಳಿಗಿಂತ ದಪ್ಪ ಇದ್ದರೆ ಅದು ಕೊಂಬಿನ ದುಂಬಿಯ ಮರಿ. ಆ ದುಂಬಿ ತೆಂಗು, ಈಚಲಿಗೆ ಕಾಟ ಕೊಡುತ್ತದೆ, ಆದರೆ ಅದರ ಮರಿಗೆ ಕೊಳೆತ ಗೊಬ್ಬರವೇ ಆಹಾರ.

ಇನ್ನೊಂದು ಜಾತಿಯನ್ನು ಗುರುತಿಸಲು ಸುಲಭದ ಪರೀಕ್ಷೆ ಇದೆ. ಹುಳವನ್ನು ಹಾಸುಗಲ್ಲಿನ ಮೇಲೆ ಬಿಡ್ರಿ. ಕಾಲು ಮೇಲೆ ಮಾಡಿ, ಬೆನ್ನಿನ ಮೇಲೆ ಸರಸರ ಹರಿದರೆ ಅದು ಹೂವಿನ ದುಂಬಿಯ ಮರಿ. ಅದು ಗೊಬ್ಬರವನ್ನು ಹಣ್ಣು ಮಾಡುವ ಹುಳ. ಕಾಲಿನ ಮೇಲೆ ತೆವಳಲು ಒದ್ದಾಡಿದರೆ, ಪಕ್ಕಕ್ಕೆ ಬಿದ್ದು ಕೊಕ್ಕೆಯಾದರೆ ಬೇರು ಹುಳ ಅಂತ ಅನುಮಾನಿಸಬೇಕು.

ಹೂವಿನ ದುಂಬಿಯ ಮರಿಯನ್ನೂ ಕುಂಡದಾಗ ಬಿಡಬಾರದು. ಗೊಬ್ಬರ ತಿಂದು ಮಣ್ಣು ಕುಸಿಯುತ್ತದೆ, ಬೇರು ಗಾಳಿಗೆ ಬೀಳುತ್ತದೆ. ಅದನ್ನು ಎತ್ತಿ ತಿಪ್ಪೆಗೆ ಬಿಡ್ರಿ, ಅಲ್ಲಿ ಅದಕ್ಕೆ ಕೆಲಸ ಇದೆ. ಗೊಬ್ಬರವನ್ನು ಜರಡಿ ಹಿಡಿದೇ ಕುಂಡಕ್ಕೆ ಹಾಕಿದರೆ ಈ ತಂಟೆಯೇ ಇಲ್ಲ.

ಒರಲೆ

ಕಾಂಡದ ಮೇಲೆ ಮಣ್ಣಿನ ಗೀರು ಕಂಡರೆ ಒರಲೆ, ಅಂದರೆ ಗೆದ್ದಲು. ಇದಕ್ಕೆ ಒಣಗಿದ ಕಟ್ಟಿಗೆ, ಕಸ, ಅರೆ ಕೊಳೆತ ಸೆಗಣಿ ಬಹಳ ಇಷ್ಟ. ನೀರಿಲ್ಲದೆ ಸೊರಗಿದ ಸಸಿಗೆ ಬೇಗ ಹತ್ತುತ್ತದೆ. ನೆಲಕ್ಕೆ ತಾಗಿ ಇಟ್ಟ ಚೀಲದ ತೂತಿನಿಂದ ಒಳಗೆ ಬರುತ್ತದೆ.

ಕುಂಡವನ್ನು ಮೂರು ಕಲ್ಲಿನ ಮೇಲೆ ಇಡ್ರಿ. ಚೀಲಗಳಾದರೆ ಕೆಳಗೆ ಗರಸು ಹಾಸಿ ಅದರ ಮೇಲೆ ಜೋಡಿಸ್ರಿ. ವಾರಕ್ಕೊಮ್ಮೆ ಜಾಗ ಸರಿಸಿದರೆ ಒರಲೆಯ ದಾರಿ ಕಡಿಯುತ್ತದೆ, ತಳದಿಂದ ನೆಲಕ್ಕೆ ಇಳಿಯುವ ಬೇರೂ ಕಡಿಯುತ್ತದೆ. ಪೂರ್ತಿ ಕಳಿತ ಗೊಬ್ಬರ ಬಿಟ್ಟು ಬೇರೆ ಹಾಕಬೇಡ್ರಿ. ಗೀರು ಒರೆಸಿ ತೆಗೆದು, ಮೇಲಿನ ಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ನೀರು ಕೊಡ್ರಿ.

ಬೇರುಗಂಟು: ಕಣ್ಣಿಗೆ ಕಾಣದ ಜಂತು

ಇದು ಎಲ್ಲಕ್ಕಿಂತ ಗಂಡಾಂತರದ್ದು. ಈ ಜಂತುಹುಳು ಬರಿಗಣ್ಣಿಗೆ ಕಾಣುವುದಿಲ್ಲ, ಅದು ಮಾಡಿದ ಗಂಟು ಕಾಣುತ್ತದೆ. ತೊಳೆದ ಬೇರಿನಾಗ ಅಲ್ಲಲ್ಲಿ ಮಣಿ ಪೋಣಿಸಿದಂತೆ ಉಬ್ಬು ಇದ್ದರೆ ಅದೇ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಪಪ್ಪಾಯಿ, ಪೇರಲ, ದಾಳಿಂಬೆಗೆ ಬರುತ್ತದೆ.

ತೊಗರಿ, ಹೆಸರು ಬೆಳೆಯುವ ನಮಗೆ ಬೇರಿನ ಗಂಟು ಅಂದರೆ ಒಳ್ಳೆಯದು ಅನ್ನುವ ಅಭ್ಯಾಸ ಇದೆ. ಎರಡನ್ನೂ ಬೇರೆ ಮಾಡಿ ನೋಡಬೇಕು. ತೊಗರಿಯ ಒಳ್ಳೆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ, ಒಡೆದರೆ ಒಳಗೆ ಕೆಂಪು ಛಾಯೆ. ಜಂತಿನ ಗಂಟು ಬೇರೇ ಊದಿಕೊಂಡು ಆದದ್ದು, ಉದುರುವುದಿಲ್ಲ. ಟೊಮ್ಯಾಟೊ, ಮೆಣಸಿನಕಾಯಿಯಂಥ ಗಿಡದ ಬೇರಿನಾಗ ಗಂಟು ಕಂಡರಂತೂ ಒಳ್ಳೆಯದು ಅಂತ ತಿಳಿಯಲೇಬಾರದು.

ಬಿಸಿ ಇರುವ ಮಣ್ಣಿನಾಗ ಇದರ ಒಂದು ತಲೆಮಾರು ಸುಮಾರು ಒಂದು ತಿಂಗಳಿಗೆ ಮುಗಿಯುತ್ತದೆ, ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಹಗುರ, ಮರಳು ಮಣ್ಣಿನಾಗ ಇದರ ಕಾಟ ಹೆಚ್ಚು. ನಮ್ಮದು ಕಪ್ಪು ಮಣ್ಣು, ನಮಗೇನು ಅಂತ ಸುಮ್ಮನಿರುವಂತಿಲ್ಲ. ನೀರು ಬಸಿಯಲಿ ಅಂತ ಕುಂಡಕ್ಕೆ ನಾವೇ ಮರಳು ಬೆರೆಸುತ್ತೇವೆ, ಅದು ಜಂತಿಗೆ ಅನುಕೂಲದ ಮನೆ ಆಗುತ್ತದೆ.

ಸಸಿ ಮಣ್ಣಿನ ಮೂಲಕ ಇದು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಪೇರಲವೇ ಸಾಕ್ಷಿ. ಪೇರಲ ತೋಟಗಳನ್ನು ಒಣಗಿಸುವ ಒಂದು ಜಾತಿಯ ಬೇರುಗಂಟು ಜಂತು 2016ರಲ್ಲಿ ತಮಿಳುನಾಡಿನಿಂದ ವರದಿಯಾಯಿತು. ಆಮೇಲೆ ಬೇರೆ ರಾಜ್ಯಗಳ ತೋಟಗಳಲ್ಲೂ ಕಂಡಿತು. ರೋಗದ ಮಣ್ಣು ಹೊತ್ತ ನರ್ಸರಿ ಸಸಿಗಳೇ ಇದಕ್ಕೆ ದೊಡ್ಡ ದಾರಿ ಅಂತ ವಿಜ್ಞಾನಿಗಳು ಹೇಳಿದ್ದಾರೆ. ಹಚ್ಚುವ ದಿನ ಒಂದು ಚೀಲ ಸೀಳಿ ನೋಡುವುದಕ್ಕೆ ಐದು ನಿಮಿಷ ಬೇಕು. ಹಚ್ಚಿದ ಮೇಲೆ ವರ್ಷಗಟ್ಟಲೆ ಅನುಭವಿಸಬೇಕು.

ಗಂಟು ಕಂಡ ತರಕಾರಿ ಸಸಿಯನ್ನು ಬೇರು ಸಮೇತ ಸುಡ್ರಿ, ತಿಪ್ಪೆಗೆ ಎಸೆಯಬೇಡ್ರಿ. ಆ ಮಣ್ಣನ್ನು ಹೊಲಕ್ಕೆ ಚೆಲ್ಲದೆ, ಮುಂದೆ ಹೇಳುವಂತೆ ಬಿಸಿಲಿಗೆ ಬೇಯಿಸ್ರಿ. ಬಿಡಲಾಗದ ದೊಡ್ಡ ಕುಂಡವಾದರೆ ಎರಡು ಮೂರು ತಿಂಗಳು ಚೆಂಡು ಹೂ ಬೆಳೆದು ಅದನ್ನು ಅದೇ ಮಣ್ಣಿಗೆ ಸೇರಿಸಿದರೆ ಜಂತು ಕಡಿಮೆಯಾಗುತ್ತದೆ.

ಬೇರಿನ ಬಿಳಿ ಹಿಟ್ಟು ಮತ್ತು ಇರುವೆ

ಮುದ್ದೆಯ ಹೊರಮೈಯಾಗ, ಬೇರಿನ ಸಂದಿಯಾಗ ಅರಳೆ ಅಂಟಿದಂತೆ ಬಿಳಿ ಕಂಡರೆ ಸೂಜಿಯಿಂದ ಬಿಡಿಸಿ ನೋಡ್ರಿ. ಮೆಲ್ಲಗೆ ಕದಲುವ ಬಿಳಿ ಹುಳ ಇದ್ದರೆ ಅದು ಬೇರಿನ ಹಿಟ್ಟು ತಿಗಣೆ. ಕದಲದೆ ಬರೀ ಜೇಡದ ಬಲೆಯಂತಿದ್ದರೆ ಗೊಬ್ಬರದ ಬೂಷ್ಟು, ಅದಕ್ಕೆ ಹೆದರುವುದು ಬೇಡ.

ತಿಗಣೆ ಸುರಿಸುವ ಸಿಹಿ ರಸಕ್ಕೆ ಇರುವೆ ಬರುತ್ತವೆ. ದನ ಕಾಯ್ದಂತೆ ಅದನ್ನು ಕಾಯುತ್ತವೆ, ಕುಂಡದಿಂದ ಕುಂಡಕ್ಕೂ ಒಯ್ಯುತ್ತವೆ. ಬರೀ ಇರುವೆ ಪುಡಿ ಹಾಕಿದರೆ ತಿಗಣೆ ಉಳಿಯುತ್ತದೆ. ಮಣ್ಣು ಪೂರ್ತಿ ಉದುರಿಸಿ, ಬೇರನ್ನು ಹರಿವ ನೀರಿನಾಗ ತೊಳೆದು, ಕುಂಡ ತಿಕ್ಕಿ ಬಿಸಿಲಿಗೆ ಒಣಗಿಸಿ, ಹೊಸ ಮಣ್ಣಿಗೆ ಹಚ್ಚಬೇಕು. ಕುಂಡ ಇಟ್ಟ ಮೂರು ಕಲ್ಲುಗಳನ್ನು ನೀರು ತುಂಬಿದ ತಟ್ಟೆಯಾಗ ಇಟ್ಟರೆ ಇರುವೆ ಹತ್ತುವುದಿಲ್ಲ. ಸೊಳ್ಳೆ ಆಗದಂತೆ ಆ ನೀರನ್ನು ವಾರಕ್ಕೊಮ್ಮೆ ಬದಲಿಸ್ರಿ.

ಕರಿ ನೊಣದ ಮರಿ, ಕತ್ತರಿ ಹುಳ

ನೀರು ಹಾಕಿದಾಗ ಏಳುವ ಸಣ್ಣ ಕರಿ ನೊಣದ ಮರಿ ಮೇಲಿನ ಒಂದೆರಡು ಇಂಚು ಮಣ್ಣಿನಾಗ ಇರುತ್ತದೆ. ದಾರದಂತೆ ಬಿಳಿ, ತಲೆ ಮಾತ್ರ ಕರಿ. ಎಳೆ ಸಸಿಯ ಬೇರಿಗೆ, ಟ್ರೇ ಸಸಿಗೆ ತೊಂದರೆ ಕೊಡುತ್ತದೆ. ಇದೆಯೋ ಇಲ್ಲವೋ ನೋಡಲು ಹಸಿ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲೆ ಇಟ್ಟು ಮೂರು ದಿನಕ್ಕೆ ಎತ್ತಿ ನೋಡ್ರಿ, ಮರಿಗಳು ಅದರ ಕೆಳಗೆ ಕೂಡಿರುತ್ತವೆ. ಇದು ಬರುವುದು ಅತಿ ನೀರಿನಿಂದ. ಮೇಲಿನ ಮಣ್ಣು ಒಣಗುವವರೆಗೆ ನೀರು ನಿಲ್ಲಿಸಿ, ಮೇಲೆ ಅರ್ಧ ಇಂಚು ಮರಳು ಹಾಸಿದರೆ ಕಡಿಮೆಯಾಗುತ್ತದೆ.

ಸಂಜೆ ಚೆನ್ನಾಗಿದ್ದ ಸಸಿ ಬೆಳಿಗ್ಗೆ ಬುಡದಾಗ ಕತ್ತರಿಸಿ ಬಿದ್ದಿದ್ದರೆ ಕತ್ತರಿ ಹುಳ. ಕಡಲೆ ಬೆಳೆಯುವವರಿಗೆ ಇದು ಹೊಸದಲ್ಲ. ಹಗಲು ಮಣ್ಣಿನಾಗ ಸುರುಳಿ ಸುತ್ತಿ ಮಲಗುತ್ತದೆ. ಬಿದ್ದ ಸಸಿಯ ಸುತ್ತ ಎರಡು ಇಂಚು ಕೆದರಿದರೆ ಸಿಗುತ್ತದೆ. ರಾತ್ರಿ ಬ್ಯಾಟರಿ ಹಿಡಿದು ಹೋದರೂ ಸಿಗುತ್ತದೆ.

ಎರೆಹುಳ, ಮುಟ್ಟಿದರೆ ಜಿಗಿಯುವ ಸಣ್ಣ ಬಿಳಿ ಕೀಟ ಇವು ಬೇರಿಗೆ ಕೇಡು ಮಾಡುವುದಿಲ್ಲ. ಅವನ್ನು ಕೊಲ್ಲಬೇಡ್ರಿ.

ಅಡಿಗೆಯ ಗಿಡಕ್ಕೆ ವಿಷದ ಹರಳು ಬೇಡ

ಗಿಡ ಬಾಡಿತು ಅಂದ ಕೂಡಲೇ ಅಂಗಡಿಗೆ ಹೋಗಿ ಹರಳು ತಂದು ಬುಡಕ್ಕೆ ಉದುರಿಸುವ ರೂಢಿ ನಮ್ಮಲ್ಲಿ ಬಹಳ. ಈ ಹರಳುಗಳಾಗ ಹಲವು ಅಂತರ್ವ್ಯಾಪಿ ವಿಷ. ಬೇರು ಅದನ್ನು ಕುಡಿಯುತ್ತದೆ, ಎಲೆಗೆ ಮುಟ್ಟಿಸುತ್ತದೆ. ಕರಿಬೇವು, ಪುದೀನ, ಕೊತ್ತಂಬರಿ, ತುಳಸಿ ಇವುಗಳ ಎಲೆಯನ್ನೇ ನಾವು ತಿನ್ನುತ್ತೇವೆ. ಒಗ್ಗರಣೆಗೆ ಅಂತ ನಾಳೆ ಕೊಯ್ಯುವ ಎಲೆಯಾಗ ಆ ವಿಷ ಇರುತ್ತದೆ. ಅಂಗಳದಾಗ ಮಕ್ಕಳು ಮಣ್ಣಾಡುತ್ತಾರೆ, ಕೋಳಿ ಕೆದರುತ್ತವೆ, ಹರಳನ್ನು ಕಾಳು ಅಂತ ತಿನ್ನುತ್ತವೆ.

ಹಿಂದೆ ಎಲ್ಲದಕ್ಕೂ ಬಿಎಚ್‌ಸಿ ಪುಡಿ ಎರಚುತ್ತಿದ್ದೆವು, ಅದು 1997ರಲ್ಲಿ ನಿಷೇಧವಾಯಿತು. ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ನಮ್ಮ ದೇಶದಾಗ ನಿಷೇಧ. ಯಾರ ಮನೆಯ ಮಾಡದಾಗ ಹಳೇ ಪೊಟ್ಟಣ ಉಳಿದಿದ್ದರೂ ಅದನ್ನು ಕುಂಡಕ್ಕೆ ಬಳಸಬಾರದು. ಬೇರೆ ಯಾವುದೇ ಔಷಧಿ ಆದರೂ ಅದರ ಚೀಟಿಯ ಮೇಲೆ ಬರೆದ ಬೆಳೆಗೆ ಮಾತ್ರ. ಮನೆಯಾಗ ತಿನ್ನುವ ಕುಂಡದ ಗಿಡಕ್ಕೆ ಅವು ಬೇಕಾಗುವುದೇ ಇಲ್ಲ. ಒಂದು ಬುಟ್ಟಿ ಮಣ್ಣು ಬದಲಿಸುವುದು ಅದಕ್ಕಿಂತ ಅಗ್ಗ.

ಬ್ಯಾಸಗಿಯಾಗ ಮಣ್ಣು ಬೇಯಿಸುವುದು

ನಮ್ಮ ಬೀದರ ಜಿಲ್ಲೆಯಾಗ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಬೈಯುತ್ತಲೇ ಕಳೆಯುತ್ತೇವೆ. ಅದೇ ಬಿಸಿಲು ಖರ್ಚಿಲ್ಲದ ಔಷಧಿ. ತೆಳು ಪ್ಲಾಸ್ಟಿಕ್ ಹೊದಿಸಿ ಬಿಸಿಲಿನಿಂದ ಮಣ್ಣಿನ ರೋಗ ಕೊಲ್ಲುವ ಪದ್ಧತಿಯನ್ನು 1976ರಲ್ಲಿ ಇಸ್ರೇಲಿನ ಕಾಟನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪ್ರಕಟಿಸಿದರು. ಹೊಲಕ್ಕೆಲ್ಲ ಹೊದಿಸುವುದು ನಮ್ಮ ಕೈಲಾಗದು. ಕುಂಡದ ಮಣ್ಣಿಗೆ ಎರಡು ಮಾರು ಹಾಳೆ ಸಾಕು.

ನಾನು ಮಾಡುವುದು ಹೀಗೆ. ಎರಡು ಬುಟ್ಟಿ ಹೊಲದ ಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಜರಡಿ ಹಿಡಿದ ಹಳೇ ಗೊಬ್ಬರ. ಬಿಸಿಲು ಇಡೀ ದಿನ ಬೀಳುವ ಜಾಗದಾಗ ತಾಡಪತ್ರಿ ಹಾಸಿ ಅರ್ಧ ಅಡಿ ದಪ್ಪ ಹರಡಬೇಕು. ಮುಷ್ಟಿ ಕಟ್ಟಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಬೇಕು. ಒಣ ಮಣ್ಣು ಚೆನ್ನಾಗಿ ಬೇಯುವುದಿಲ್ಲ. ಮೇಲೆ ತೆಳುವಾದ, ಬಿಳಿ ಪಾರದರ್ಶಕ ಹಾಳೆ ಹೊದಿಸಿ ಸುತ್ತ ಮಣ್ಣು ಒತ್ತಿ ಗಾಳಿ ಹೋಗದಂತೆ ಮುಚ್ಚಬೇಕು. ಕರಿ ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣಿಗೆ ಅಷ್ಟು ಬಿಸಿ ಇಳಿಸುವುದಿಲ್ಲ. 4ರಿಂದ 6 ವಾರ ಬಿಡಬೇಕು, ನಡುವೆ ಒಮ್ಮೆ ಮಗುಚಿ ಮತ್ತೆ ಮುಚ್ಚಬೇಕು. ಹುಳ, ಮೊಟ್ಟೆ, ಜಂತು, ಕಳೆಬೀಜ ಬಹುಪಾಲು ಸಾಯುತ್ತವೆ.

ಬೆಂದ ಮಣ್ಣಿನಾಗ ಒಳ್ಳೆಯ ಜೀವಿಗಳೂ ಕಡಿಮೆಯಾಗಿರುತ್ತವೆ. ಅದಕ್ಕೆ ತಣ್ಣಗಾದ ಮೇಲೆ ಟ್ರೈಕೋಡರ್ಮ, ಮೆಟಾರೈಜಿಯಂ ಸೇರಿಸಬೇಕು. ಮೆಟಾರೈಜಿಯಂ ಅನ್ನುವುದು ಗೊಣ್ಣೆ ಹುಳಕ್ಕೆ ರೋಗ ತರುವ ಹಸಿರು ಬೂಷ್ಟು. 100 ಕಿಲೋ ಕಳಿತ ಗೊಬ್ಬರಕ್ಕೆ 1 ಕಿಲೋ ಪುಡಿ ಬೆರೆಸಿ, ನೆರಳಿನಾಗ ಹಸಿ ಗೋಣಿಚೀಲ ಮುಚ್ಚಿ 15 ದಿನ ಇಟ್ಟು ಬಳಸ್ರಿ. ಎರಡನ್ನೂ ಬೇರೆ ಬೇರೆ ಗುಡ್ಡೆ ಮಾಡಿದರೆ ಒಳ್ಳೆಯದು. ಮೊದಲೇ ಹಾಕಿ ಆಮೇಲೆ ಬಿಸಿಲಿಗೆ ಇಟ್ಟರೆ ಅವೂ ಸಾಯುತ್ತವೆ. ಬೇವಿನ ಹಿಂಡಿ 10 ಕಿಲೋ ಮಣ್ಣಿಗೆ 50–100 ಗ್ರಾಂ ಸಾಕು, ಸಸಿ ಹಚ್ಚುವ 15 ದಿನ ಮೊದಲೇ ಬೆರೆಸಿ ಹಸಿ ಇಡಬೇಕು.

ಗೊಣ್ಣೆ ಹುಳವನ್ನೇ ಹುಡುಕಿ ಕೊಲ್ಲುವ ಉಪಕಾರಿ ಜಂತುಗಳೂ ಇವೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಅದನ್ನು ನೀರಿನಾಗ ಕಲಸಿ ಹಾಕುವ ಪುಡಿಯ ರೂಪಕ್ಕೆ ತಂದಿದ್ದಾರೆ. ಇಂಥವುಗಳ ಬಗ್ಗೆ ಬೀದರ ಕೃಷಿ ವಿಜ್ಞಾನ ಕೇಂದ್ರದಾಗ ಕೇಳಬಹುದು. ಅನುಮಾನದ ಬೇರನ್ನು ಹಸಿ ಮಣ್ಣಿನ ಸಮೇತ ಚೀಲದಾಗ ಕಟ್ಟಿ ಒಯ್ದು ತೋರಿಸ್ರಿ. ಬರೀ ಬಾಯಿಮಾತಿನಿಂದ ಯಾವ ವಿಜ್ಞಾನಿಗೂ ಬೇರು ಕಾಣುವುದಿಲ್ಲ.

ಸಸಿ ಕೊಳ್ಳುವಾಗ

ನರ್ಸರಿಯವರು ಬೇಜಾರು ಮಾಡಿಕೊಂಡರೂ ಸರಿ, ಒಂದು ಚೀಲದ ದುಡ್ಡು ಹೆಚ್ಚು ಕೊಟ್ಟು ಅದನ್ನು ಅಲ್ಲೇ ಸೀಳಿ ಬೇರು ನೋಡ್ರಿ. ಗಂಟು ಇದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬರ್ರಿ. ತಂದ ಸಸಿಗಳನ್ನು 15 ದಿನ ಮನೆಯ ಕುಂಡಗಳಿಂದ ದೂರ, ಕಲ್ಲಿನ ಮೇಲೆ ಬೇರೆಯಾಗಿ ಇಟ್ಟು ನೋಡಿ ಆಮೇಲೆ ಹಚ್ಚ್ರಿ.

ಕೆಲಸವನ್ನು ತಿಂಗಳಿಗೆ ಹಂಚಿಕೊಂಡರೆ ಭಾರ ಅನಿಸುವುದಿಲ್ಲ. ಏಪ್ರಿಲ್, ಮೇದಾಗ ಮಣ್ಣು ಬೇಯಿಸುವುದು. ಜೂನ್ ತಿಂಗಳಾಗ ಪರದೆ ಮುಚ್ಚುವುದು, ದುಂಬಿ ಆರಿಸುವುದು. ಆಗಸ್ಟ್ ತಿಂಗಳಾಗ ಸೊರಗಿದ ಕುಂಡ ಮಗುಚಿ ಹುಳ ತೆಗೆಯುವುದು. ಚಳಿಗಾಲದಾಗ ನೀರು ಕಡಿಮೆ ಮಾಡುವುದು. ಇದಕ್ಕೆ ಬೇಕಾದ್ದು ಖುರಪಿ, ಜರಡಿ, ಒಂದು ಬಕೆಟ್ ನೀರು. ಈ ವಾರ ನಿಮ್ಮ ಅಂಗಳದಾಗ ಸೊರಗಿದ ಒಂದು ಕುಂಡದಿಂದ ಶುರು ಮಾಡ್ರಿ.